ಕೂಡಿಸಿಕೊಳ್ಳುವವರೂ ಕೂಡುವವರೂ

1956ನೆಯ ಇಸವಿಯ ಅಕ್ಟೋಬರ್ 31ರ ರಾತ್ರಿ ಉಡುಪಿಯ ರಥಬೀದಿಯಲ್ಲಿಯೂ ಕಾರ್ಕಳದ ಪೇಟೆಯಲ್ಲಿಯೂ ಕಾಪುವಿನ ಕಡಲ ಕರೆಯಲ್ಲಿಯೂ ಮಲಗಿದ ಜನರು ಮದರಾಸು ರಾಜ್ಯದ ನಿವಾಸಿಗಳಾಗಿದ್ದರು. ಬೆಳಗಾಗಿ ಎದ್ದಾಗ ಅವರು ಮೈಸೂರು ರಾಜ್ಯದವರಾಗಿದ್ದರು. ಮನೆ ಬದಲಾಗಲಿಲ್ಲ, ಗದ್ದೆಯ ಬದು ಕದಲಲಿಲ್ಲ. 1901ರಿಂದ ಕಾಪುವಿನ ಬಂಡೆಯ ಮೇಲೆ ನಿಂತಿದ್ದ ದೀಪಸ್ತಂಭವು ಎಂದಿನಂತೆ ಕಡಲಿನತ್ತ ಬೆಳಕು ಬೀರಿತು. ಅರ್ಜಿ ಬರೆದು ಕಳುಹಿಸಬೇಕಾದ ರಾಜಧಾನಿಯು ಮಾತ್ರ ಪೂರ್ವ ಸಮುದ್ರದ ದಡದಿಂದ ಘಟ್ಟದ ಮೇಲಕ್ಕೆ ಬಂದಿತ್ತು.

ಒಂದು ರಾಜಕೀಯ ಒಕ್ಕೂಟವು ಹೊಸ ನಾಡುಗಳನ್ನು ತನ್ನೊಳಗೆ ಸೇರಿಸಿಕೊಳ್ಳುವುದರಿಂದ ಲಾಭವೆಷ್ಟು, ತೊಡಕೆಷ್ಟು ಎಂಬ ಚರ್ಚೆಯು ಇಂದು ಹೆಚ್ಚಾಗಿ ಯೂರೋಪಿನ ಸಂಬಂಧದಲ್ಲಿ ನಡೆಯುತ್ತಿದೆ. ಅಲ್ಲಿಯ ಒಕ್ಕೂಟವು 2004ನೆಯ ಇಸವಿಯ ಮೇ 1ರಂದು ಒಮ್ಮೆಗೇ ಹತ್ತು ದೇಶಗಳನ್ನು ಬರಮಾಡಿಕೊಂಡಿತು. 2013ರಲ್ಲಿ ಕ್ರೊವೇಷಿಯವು ಸೇರಿದ ಬಳಿಕ ಹೊಸಬರಾರೂ ಹೊಸ್ತಿಲು ದಾಟಿಲ್ಲ. 2020ರಲ್ಲಿ ಬ್ರಿಟನ್ನು ಎದ್ದು ಹೊರಗೇ ಹೋಯಿತು. 2022ರಲ್ಲಿ ಯುದ್ಧದ ನಡುವೆ ಯುಕ್ರೇನಿಗೆ ಉಮೇದುವಾರನ ಸ್ಥಾನ ದೊರೆಯಿತು. ಇವೆಲ್ಲವನ್ನೂ ನಮ್ಮ ವಾಚಕರು ದೂರದ ಕಥೆಯೆಂದು ಬದಿಗಿಡಬಾರದು. ದೇಶಗಳ ಒಕ್ಕೂಟವೂ ಒಂದೇ ದೇಶದೊಳಗಣ ರಾಜ್ಯವೂ ಸಮಾನವಲ್ಲ, ನಿಜ. ಆದರೂ ಕೂಡಿಸಿಕೊಳ್ಳುವವರ ಭಯ, ಕೂಡುವವರ ಆಸೆ, ಎರಡು ಕಾನೂನುಗಳ ತಿಕ್ಕಾಟ, ಬಾಗಿಲ ಹೊರಗೇ ಉಳಿದವರ ಗೋಳು ಇವೆಲ್ಲವನ್ನೂ ಗ್ರಂಥಗಳಿಂದಲ್ಲದೆ ಬಾಳಿನಿಂದಲೇ ಬಲ್ಲವರು ನಮ್ಮ ದಕ್ಷಿಣ ಕನ್ನಡ ಸೀಮೆಯವರು.

ಒಂದು ವ್ಯತ್ಯಾಸವನ್ನು ಮೊದಲಿಗೇ ಹೇಳಿಬಿಡಬೇಕು. ಯೂರೋಪಿನಲ್ಲಿ ಉಮೇದುವಾರ ದೇಶವು ಬಾಗಿಲು ತಟ್ಟಿ ವರ್ಷಗಟ್ಟಲೆ ಕಾಯಬೇಕು. 1993ರಲ್ಲಿ ಕೋಪನ್‌ಹೇಗನ್ನಿನಲ್ಲಿ ಗೊತ್ತುಮಾಡಿದ ಕಟ್ಟಳೆಗಳನ್ನು ಪೂರೈಸಬೇಕು. ಒಳಗಿರುವ ಪ್ರತಿಯೊಂದು ದೇಶವೂ ಒಪ್ಪಬೇಕು. ಆ ಕಟ್ಟಳೆಗಳಲ್ಲಿ ಬಹು ಮಂದಿ ಗಮನಿಸದ ಮಾತೊಂದುಂಟು: ಹೊಸಬರನ್ನು ಜೀರ್ಣಿಸಿಕೊಳ್ಳುವ ಶಕ್ತಿಯು ಒಕ್ಕೂಟಕ್ಕೆ ಇದೆಯೇ ಎಂಬುದನ್ನೂ ನೋಡಬೇಕೆಂದು ಅಲ್ಲಿ ಹೇಳಿದೆ. ನಮ್ಮಲ್ಲಿಯಾದರೋ ಸಂವಿಧಾನದ 3ನೆಯ ಅನುಚ್ಛೇದದಂತೆ ರಾಜ್ಯಗಳ ಎಲ್ಲೆಗಳನ್ನು ಬರೆಯುವುದೂ ಅಳಿಸುವುದೂ ಸಂಸತ್ತಿನ ಕೈಯಲ್ಲಿದೆ. ಶಾಸನಸಭೆಗಳ ಅಭಿಪ್ರಾಯವನ್ನು ಕೇಳುವರು. ಅವುಗಳ ಒಪ್ಪಿಗೆಯು ಅವಶ್ಯವಲ್ಲ. ಉಡುಪಿಯವರು ಮೈಸೂರಿನೊಡನೆ ಕೂಡುವ ಮೊದಲು ಇಂತಿಂಥ ಷರತ್ತುಗಳ ಮೇಲೆ ಕೂಡುತ್ತೇವೆಂದು ಒಂದು ಕಾಗದಕ್ಕೂ ರುಜು ಹಾಕಲಿಲ್ಲ, ಮೈಸೂರಿನವರೂ ಹಾಕಲಿಲ್ಲ. ಮುಂದಿನ ಅನೇಕ ಕಷ್ಟಗಳ ಬೇರು ಇಲ್ಲಿದೆಯೆಂದು ನಮ್ಮ ಎಣಿಕೆ.

ಹಾಗೆಂದು ಈ ಸೇರ್ಪಡೆಯು ಬಲಾತ್ಕಾರದ ಸೇರ್ಪಡೆಯಾಗಿತ್ತೆಂದು ಯಾರೂ ತಿಳಿಯಬಾರದು. 1799ರಲ್ಲಿ ಟೀಪುವಿನ ಪತನವಾದ ಮೇಲೆ ಕರಾವಳಿಯು ಕುಂಪಣಿಯವರ ಕೈಸೇರಿತು. ಒಂದಾಗಿದ್ದ ಕನ್ನಡ ಜಿಲ್ಲೆಯನ್ನು ಅನಂತರ ಎರಡಾಗಿ ಸೀಳಿ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಕೊಟ್ಟರು. ದಕ್ಷಿಣ ಭಾಗವು ಮದರಾಸಿಗೇ ಉಳಿಯಿತು. ನಕಾಶೆಯ ಮೇಲಣ ಈ ಗೆರೆಗಳನ್ನು ಅಕ್ಷರಸ್ಥರು ಮನಸ್ಸಿನಲ್ಲಿ ಎಂದೂ ಒಪ್ಪಿದವರಲ್ಲ. ಈಗಿನ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, 1901ರಲ್ಲಿ ಎಳೆಯ ವಯಸ್ಸಿಗೇ ಕ್ಷಯರೋಗದಿಂದ ತೀರಿಕೊಂಡ ಮುದ್ದಣನು ತನ್ನ ಕಾವ್ಯಗಳನ್ನು ಎಲ್ಲಿಗೆ ಕಳುಹಿಸಿದನು? ತನ್ನ ಸರ್ಕಾರವಿದ್ದ ಮದರಾಸಿಗಲ್ಲ. ಘಟ್ಟದ ಮೇಲೆ ಅರಸರ ಆಳ್ವಿಕೆಯಲ್ಲಿದ್ದ ಮೈಸೂರಿನ ಪತ್ರಿಕೆಗಳಿಗೆ. ತನ್ನ ಹೆಸರನ್ನು ಮರೆಸಿ, ಹಳೆಯ ಕಾಲದ ಕೃತಿಗಳೆಂದು ಹೇಳಿ ಕಳುಹಿಸಿದನು. ಅಲ್ಲಿಯ ಪಂಡಿತರು ಅವನ್ನು ಹಳಗನ್ನಡವೆಂದೇ ಆದರದಿಂದ ಅಚ್ಚು ಹಾಕಿಸಿದರು. ಅಂದರೆ ರಾಜ್ಯಗಳು ಕೂಡುವುದಕ್ಕೆ ಅರುವತ್ತು ವರ್ಷ ಮುಂಚೆಯೇ ಅಂಚೆಯ ಚೀಲದಲ್ಲಿ ಅವು ಕೂಡಿದ್ದವು.

ಇನ್ನೊಂದು ದೃಷ್ಟಾಂತವು ಮಣಿಪಾಲದ್ದು. ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಅಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಆಗ ಮಣಿಪಾಲವು ಮದರಾಸು ರಾಜ್ಯದಲ್ಲಿತ್ತು. ಕಾಲೇಜು ಸಂಯೋಜನೆ ಪಡೆದದ್ದು ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಿಂದ! ಒಂದು ರಾಜ್ಯದ ವಿದ್ಯಾರ್ಥಿಯು ಮತ್ತೊಂದು ರಾಜ್ಯದ ವಿಶ್ವವಿದ್ಯಾನಿಲಯದ ಪದವಿಗಾಗಿ ಓದಿದನು. ಮೂರು ವರ್ಷಗಳ ಬಳಿಕ ರಾಜ್ಯಗಳೇ ಬಂದು ಅವನ ಹಿಂದೆ ನಿಂತವು.

ಮದರಾಸನ್ನು ಹಳಿಯುವುದೂ ನ್ಯಾಯವಲ್ಲ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿಯೆಂಬ ಬಿರುದನ್ನು ಕೊಟ್ಟದ್ದು ಮದರಾಸು ಸರ್ಕಾರವೇ. ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ. ಎಸ್. ಹೆಗ್ಡೆಯವರು 1952ರಲ್ಲಿ ರಾಜ್ಯಸಭೆಗೆ ಹೋದದ್ದು ಮದರಾಸಿನ ಪ್ರತಿನಿಧಿಯಾಗಿ; 1957ರಲ್ಲಿ ಅವರು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ತಮಿಳೂ ತೆಲುಗೂ ಮಲೆಯಾಳವೂ ತುಂಬಿದ ಆ ಮಹಾ ಪ್ರಾಂತದಲ್ಲಿ ಕನ್ನಡದ ಜಿಲ್ಲೆಯು ಒಂದು ಮೂಲೆಯ ಕೋಣೆಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈಗ ಕೂಡಿಸಿಕೊಂಡವರ ಕಡೆಗೆ ನೋಡೋಣ. ಹಳೆಯ ಮೈಸೂರಿನಲ್ಲಿ ಏಕೀಕರಣವೆಂದರೆ ಹೂಮಾಲೆ ಹಿಡಿದು ಕಾದಿದ್ದರೆಂದು ಇಂದಿನ ಎಳೆಯರು ಭಾವಿಸಿದರೆ ಅದು ತಪ್ಪು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುಚ್ಛಕ್ತಿ, ಭದ್ರಾವತಿಯಲ್ಲಿ ಕಬ್ಬಿಣ, ಕೋಲಾರದಲ್ಲಿ ಚಿನ್ನ, ತಮ್ಮದೇ ವಿಶ್ವವಿದ್ಯಾನಿಲಯ, ಅಣೆಕಟ್ಟುಗಳು ಇಷ್ಟನ್ನೂ ಕಟ್ಟಿಕೊಂಡಿದ್ದ ಸಂಸ್ಥಾನದವರಿಗೆ, ಮುಂಬಯಿ ಮತ್ತು ಹೈದರಾಬಾದಿನ ಅಂಚಿನಲ್ಲಿ ಬಡವಾಗಿದ್ದ ಜಿಲ್ಲೆಗಳು ಬಂದು ಪಂಕ್ತಿಯಲ್ಲಿ ಕುಳಿತರೆ ತಮ್ಮ ಎಲೆಗೆ ಏನು ಉಳಿದೀತೆಂಬ ಚಿಂತೆ ಹುಟ್ಟಿತು. ಜಾತಿಬಲದ ತಕ್ಕಡಿಯು ಯಾವ ಕಡೆಗೆ ವಾಲೀತೆಂಬ ಲೆಕ್ಕವೂ ಅದರೊಡನೆ ಸೇರಿಕೊಂಡಿತ್ತು. ಅದನ್ನು ಬಹಿರಂಗವಾಗಿ ಆಡುವವರು ಕಡಿಮೆ, ಒಳಗೆ ಎಣಿಸುವವರು ಹೆಚ್ಚು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದವರಲ್ಲಿಯೇ ಹಲವರ ವಿರೋಧವನ್ನು ಕಟ್ಟಿಕೊಂಡು ಏಕೀಕರಣದ ಪರವಾಗಿ ನಿಂತರು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರಿದ್ದ ಆಯೋಗವು 1955ರ ಸಪ್ಟೆಂಬರಿನಲ್ಲಿ ವರದಿಯನ್ನೊಪ್ಪಿಸಿತು. ಮರುವರ್ಷದ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರ ಕಳೆದುಕೊಂಡರು; ನವೆಂಬರ್ 1ರಂದು ಹೊಸ ರಾಜ್ಯದ ಗದ್ದುಗೆಯನ್ನೇರಿದವರು ನಿಜಲಿಂಗಪ್ಪನವರು.

ಹಳೆಯ ಮೈಸೂರಿನ ಭಯವು ಪೂರ್ತಿ ಸುಳ್ಳಾಗಲಿಲ್ಲವೆಂಬುದನ್ನೂ ಒಪ್ಪಬೇಕು. ರಾಜ್ಯದ ವಿಸ್ತೀರ್ಣವು ಇಮ್ಮಡಿಗೂ ಮಿಕ್ಕಿತು. ಜನಸಂಖ್ಯೆಯು ಸುಮಾರು ಇಮ್ಮಡಿಯಾಯಿತು. ಜಮಖಂಡಿಯ ಜತ್ತಿಯವರೂ ಬಿಜಾಪುರ ಸೀಮೆಯ ಕಂಠಿಯವರೂ ಗುಲಬರ್ಗಾ ಸೀಮೆಯ ವೀರೇಂದ್ರ ಪಾಟೀಲರೂ ಮುಖ್ಯಮಂತ್ರಿಗಳಾದರು. ಹೀಗಿದ್ದರೂ ಇಂದಿನ ಬೆಂಗಳೂರನ್ನು ನೋಡಿ, ಕೂಡಿಸಿಕೊಂಡವನು ಬಡವಾದನೆಂದು ಯಾರು ಹೇಳಿಯಾರು? ಯೂರೋಪಿನಲ್ಲಿಯೂ ಇದೇ ಭಯವಿತ್ತು. 2004ರಲ್ಲಿ ಬಂದ ಪೂರ್ವದೇಶಗಳ ಕೆಲಸಗಾರರಿಗೆ ಹಳೆಯ ಸದಸ್ಯರು ಏಳು ವರ್ಷಗಳವರೆಗೆ ಬಾಗಿಲನ್ನು ಅರೆಮುಚ್ಚಿಡಬಹುದಾಗಿತ್ತು. ಮೊದಲ ದಿನದಿಂದ ಪೂರ್ತಿ ತೆರೆದವರು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮೂವರೇ. ಆ ಬ್ರಿಟನ್ನಿನಲ್ಲಿಯೇ 2016ರ ಜನಮತದ ಹೊತ್ತಿಗೆ ಬಂದ ಕೆಲಸಗಾರರ ಹೆಸರು ಹೇಳಿ ಒಕ್ಕೂಟವನ್ನು ಬಿಡುವ ಕೂಗು ಎದ್ದಿತು.

ಹೊಸದಾಗಿ ಕೂಡಿದ ನಮ್ಮವರ ಪಾಡೇನಾಯಿತು? ಒಂದು ಕಾಯಿದೆಯಿಂದ ರಾಜ್ಯವು ಒಂದಾಗುತ್ತದೆ. ಕಾಯಿದೆಗಳೆಲ್ಲ ಒಂದಾಗುವುದಕ್ಕೆ ಬಹುಕಾಲ ಹಿಡಿಯುತ್ತದೆ. ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯ 119ನೆಯ ಕಲಮಿನಂತೆ, ಬದಲಾಯಿಸುವವರೆಗೆ ಆಯಾ ಸೀಮೆಯಲ್ಲಿ ಹಿಂದಿನ ಕಾನೂನೇ ಊರ್ಜಿತದಲ್ಲಿರಬೇಕು. ಹೀಗಾಗಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಬಗೆಯ ಕಾನೂನುಗಳು ಒಂದೇ ಮಾಡಿನ ಕೆಳಗೆ ಬಂದವು. ಉಡುಪಿಯ ವಕೀಲನು ಮೈಸೂರು ರಾಜ್ಯದ ನ್ಯಾಯಾಲಯದಲ್ಲಿ ನಿಂತು ಮದರಾಸಿನ 1949ರ ಅಳಿಯಸಂತಾನ ಕಾಯಿದೆಯನ್ನು ಓದಬೇಕಾಯಿತು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಕುಮ್ಕಿಯೆಂದರೇನು, ವರ್ಗವೆಂದರೇನು, ಮೂಲಗೇಣಿಗೂ ಚಾಲಗೇಣಿಗೂ ಭೇದವೇನು ಎಂಬುದನ್ನು ಮೊದಲಿನಿಂದ ತಿಳಿಯಹೇಳಬೇಕಾಯಿತು. ಕಡೆಗೆ 1964ರ ಭೂಕಂದಾಯ ಕಾಯಿದೆಯನ್ನು ಬರೆದಾಗ ಅದರ 79ನೆಯ ಕಲಮಿನಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳನ್ನೂ ಉತ್ತರ ಕನ್ನಡದ ಬೆಟ್ಟ, ಹಾಡಿಗಳನ್ನೂ ಮೈಸೂರು ಸೀಮೆಯ ಸೊಪ್ಪಿನಬೆಟ್ಟವನ್ನೂ ಕೊಡಗಿನ ಜಮ್ಮಾ ಭೂಮಿಯನ್ನೂ ಹೆಸರುಹಿಡಿದು ಹೇಳಿ, ಅವುಗಳ ಹಳೆಯ ಸವಲತ್ತುಗಳು ಮುಂದುವರಿಯತಕ್ಕುದೆಂದು ಸೇರಿಸಿದರು. ಶುಷ್ಕವಾದ ಕಂದಾಯದ ಪುಸ್ತಕದಲ್ಲಿ ಅವಿತಿರುವ ಈ ಒಂದು ಕಲಮೇ ನಮ್ಮ ಏಕೀಕರಣದ ನಿಜವಾದ ಒಡಂಬಡಿಕೆಯೆಂದು ನಮಗೆ ತೋರುತ್ತದೆ. ಅದು ಎಂಟು ವರ್ಷ ತಡವಾಗಿ ಬಂದಿತು, ಅಷ್ಟೆ.

ಅಳಿಯಸಂತಾನದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕೆನಿಸುತ್ತದೆ. ಆ ಕಟ್ಟಿನ ಕುಟುಂಬದಲ್ಲಿ ಎಷ್ಟು ಕವರುಗಳಿದ್ದರೂ, ಎಷ್ಟೇ ಮನಸ್ತಾಪ ಬಂದರೂ, ಒಬ್ಬನು ಎದ್ದು ನನ್ನ ಪಾಲನ್ನು ಕೊಡಿರೆಂದು ಹಟ ಹಿಡಿಯುವಂತಿರಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. 1949ರ ಕಾಯಿದೆಯು ಕವರಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಯೂರೋಪಿನ ಒಕ್ಕೂಟಕ್ಕೆ ಅಂಥ ಬಾಗಿಲನ್ನು 2009ರಿಂದ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ 50ನೆಯ ಅನುಚ್ಛೇದವು ಇಟ್ಟಿತು. ಬ್ರಿಟನ್ನು ಅದೇ ಬಾಗಿಲಿನಿಂದ ಹೊರಟಿತು. ನಮ್ಮ ರಾಜ್ಯದ ಕುಟುಂಬದಲ್ಲಿ ಕವರುಗಳಿಗೆ ಆ ಹಕ್ಕಿಲ್ಲ. ಇಲ್ಲದಿರುವುದೇ ಲೇಸು. ಆದರೆ ಹೊರಡಲಾರದವನ ದೂರನ್ನು ಯಜಮಾನನು ಹೆಚ್ಚು ಬೇಗ ಕೇಳಬೇಕಾಗುತ್ತದೆ.

ಬೇಗ ಕೇಳಿದರೇ ಎಂದರೆ, ರೈಲಿನ ವಿಷಯದಲ್ಲಿ ಕೇಳಲಿಲ್ಲ. 1907ರಲ್ಲಿ ಮಂಗಳೂರಿಗೆ ಬಂದ ರೈಲು ದಾರಿಯು ಮದರಾಸಿನ ಅನುಕೂಲಕ್ಕಾಗಿ ಹಾಕಿದ್ದು. ಅದು ಕಾಸರಗೋಡು, ಕೋಳಿಕೋಡುಗಳ ಮೂಲಕ ತೆಂಕಕ್ಕೆ ಹೋಗುತ್ತದೆ. ರಾಜಧಾನಿಯು ಬದಲಾದರೂ ಹಳಿಗಳು ಬದಲಾಗಲಿಲ್ಲ. ಮಂಗಳೂರಿನಿಂದ ಹಾಸನಕ್ಕೆ ಘಟ್ಟವನ್ನು ಹತ್ತುವ ರೈಲು ಪೂರ್ತಿಯಾದದ್ದು 1979ರಲ್ಲಿ. ಅಲ್ಲಿಯವರೆಗೆ, ಎಂದರೆ ಕೂಡಿದ ಇಪ್ಪತ್ತಮೂರು ವರ್ಷಗಳವರೆಗೆ, ತನ್ನ ರಾಜಧಾನಿಯನ್ನು ರೈಲಿನಲ್ಲಿ ಸೇರಬೇಕೆಂಬ ಕರಾವಳಿಯವನು ಕೇರಳವನ್ನೂ ತಮಿಳುನಾಡನ್ನೂ ಸುತ್ತಿ, ಜೋಲಾರಪೇಟೆಯ ಕಡೆಯಿಂದ ಬೆಂಗಳೂರನ್ನು ಹೊಗಬೇಕಾಗಿತ್ತು. ಉಡುಪಿಗಾದರೋ ಕೊಂಕಣ ರೈಲು ಬರುವವರೆಗೆ ರೈಲೇ ಇರಲಿಲ್ಲ. ಆ ದಾರಿಯು ಆದ್ಯಂತ ತೆರೆದದ್ದು 1998ರ ಜನವರಿಯಲ್ಲಿ. ಅಷ್ಟರವರೆಗೆ ಆಗುಂಬೆಯ ತಿರುವುಗಳನ್ನು ಹತ್ತುವ ಬಸ್ಸುಗಳೇ ನಮ್ಮ ಏಕೀಕರಣವನ್ನು ಹೊತ್ತು ನಡೆಸಿದವು. ಉಡುಪಿಯ ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಬಂದರಿಗಾಗಿಯೂ ಹೆದ್ದಾರಿಗಾಗಿಯೂ ದಿಲ್ಲಿಯಲ್ಲಿ ಪಟ್ಟ ಶ್ರಮವನ್ನು ಜಿಲ್ಲೆಯು ಇಂದೂ ನೆನೆಯುತ್ತದೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜೂ ಪಣಂಬೂರಿನ ಬಂದರೂ ಆ ಶ್ರಮದ ಫಲಗಳು. ಈ ಜಿಲ್ಲೆಯಿಂದ ಒಬ್ಬರು ಮುಖ್ಯಮಂತ್ರಿಯಾದದ್ದು 1992ರಲ್ಲಿ: ಕಾರ್ಕಳವನ್ನು ಪ್ರತಿನಿಧಿಸುತ್ತಿದ್ದ ವೀರಪ್ಪ ಮೊಯಿಲಿಯವರು. ಮೂವತ್ತಾರು ವರ್ಷ ಹಿಡಿಯಿತು.

ಲಾಭಗಳಿಲ್ಲವೇ? ಉಂಟು, ದೊಡ್ಡವೇ ಉಂಟು. ತನ್ನ ನುಡಿಯನ್ನು ಓದಬಲ್ಲ ಸರ್ಕಾರವೆಂಬುದು ಬಡವನಿಗೆ ಸಾಮಾನ್ಯವಾದ ಲಾಭವಲ್ಲ. 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯು ರದ್ದಾದಾಗ, ಕರಾವಳಿಯ ಒಕ್ಕಲುಗಳು ಕನ್ನಡದಲ್ಲಿ ಅಚ್ಚಾದ ಏಳನೆಯ ನಂಬರಿನ ನಮೂನೆಯನ್ನು ತುಂಬಿ ‘ಡಿಕ್ಲರೇಶನ್’ ಕೊಟ್ಟು, ತಲೆಮಾರುಗಳಿಂದ ಗೇಣಿ ಅಳೆದ ಗದ್ದೆಗೆ ತಾವೇ ಒಡೆಯರಾದರು. ಕಾರ್ಕಳ, ಉಡುಪಿ ತಾಲೂಕುಗಳ ಎಷ್ಟೋ ಮನೆಗಳ ಇತಿಹಾಸವು ಆ ಕಾಗದದಿಂದ ಎರಡು ಭಾಗವಾಗಿದೆ. ಇದನ್ನು ಏಕೀಕರಣದ ಲೆಕ್ಕಕ್ಕೇ ಪೂರ್ತಿ ಬರೆಯುವಂತಿಲ್ಲ. ಏಕೆಂದರೆ ಕೇರಳಕ್ಕೆ ಹೋದ ಕಾಸರಗೋಡಿನ ಗೇಣಿಗಾರನಿಗೆ ಅದೇ ಹಕ್ಕು 1970ರ ಜನವರಿ 1ರಂದೇ, ನಾಲ್ಕು ವರ್ಷ ಮೊದಲೇ ದೊರೆತಿತ್ತು. ನಮ್ಮ ಕಡೆಗೆ ನೋಯುವ ಸತ್ಯವನ್ನೂ ಬರೆಯಬೇಕಲ್ಲವೇ?

ಹೆಸರಿನ ಪ್ರಶ್ನೆಯು ಚಿಕ್ಕದೆಂದು ತೋರಬಹುದು, ಚಿಕ್ಕದಲ್ಲ. ಕೂಡಿದ ರಾಜ್ಯಕ್ಕೆ ಒಬ್ಬ ಪಾಲುಗಾರನ ಹೆಸರಾದ ಮೈಸೂರೆಂಬುದೇ ಹದಿನೇಳು ವರ್ಷ ಉಳಿಯಿತು; 1973ರ ನವೆಂಬರ್ 1ರಂದು ದೇವರಾಜ ಅರಸರ ಕಾಲದಲ್ಲಿ ಕರ್ನಾಟಕವಾಯಿತು. ಯೂರೋಪಿನಲ್ಲಿ ಮ್ಯಾಸಿಡೋನಿಯವು ನೆರೆಯ ಗ್ರೀಸಿನ ತಕರಾರಿನಿಂದ ಬಾಗಿಲಲ್ಲಿಯೇ ನಿಂತು, 2019ರಲ್ಲಿ ಉತ್ತರ ಮ್ಯಾಸಿಡೋನಿಯವೆಂದು ತನ್ನ ಹೆಸರನ್ನೇ ತಿದ್ದಿಕೊಂಡಿತು. ಮರುವರ್ಷವೇ ಬಲ್ಗೇರಿಯವು ನುಡಿಯ ಮತ್ತು ಇತಿಹಾಸದ ತಕರಾರೆತ್ತಿ ಮತ್ತೆ ತಡೆಯಿತು. ಕೂಡುವವನಿಂದ ಹೆಸರನ್ನು ಬೇಡುವವರು ಅಷ್ಟಕ್ಕೇ ತೃಪ್ತರಾಗುವುದಿಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ 1925ರಲ್ಲಿ ಅಲ್ಲಿಯೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾದಾಗ, ಠೇವಣಿಗೆ ಒಂದು ಕಾಸೂ ನಷ್ಟವಾಗದಿದ್ದರೂ ನಮ್ಮ ಹಿರಿಯರು ಕಣ್ಣೊರಸಿಕೊಂಡದ್ದೇಕೆಂಬುದನ್ನು ನೆನೆದರೆ ಈ ಮಾತು ತಿಳಿಯುತ್ತದೆ.

ಹೆಸರಿಗಿಂತ ಹತ್ತಿರದ ವಿಷಯವು ನುಡಿ. ಕಾಪುವಿನ ಮೊಗವೀರನೂ ಕಾರ್ಕಳದ ಬೇಸಾಯಗಾರನೂ ಮನೆಯಲ್ಲಿ ಆಡುವುದು ತುಳು. ಕೊಂಕಣಿಯ ಮನೆಗಳೂ ಬ್ಯಾರಿ ಮನೆಗಳೂ ಹೇರಳ. ಕನ್ನಡವು ಇವರಿಗೆಲ್ಲ ಶಾಲೆಯ, ಕಚೇರಿಯ, ಪತ್ರಿಕೆಯ ನುಡಿ. ಇವರು ಕನ್ನಡದ ಹೆಸರಿನಲ್ಲಿ ಕೂಡಿದುದು ಪ್ರೀತಿಯಿಂದ. ಆ ಪ್ರೀತಿಗೆ ಪ್ರತಿಯಾಗಿ ತಮ್ಮ ಮನೆಮಾತಿಗೊಂದು ಪೀಠವನ್ನು ನಿರೀಕ್ಷಿಸಿದರೆ ತಪ್ಪೇನು? ರಾಜ್ಯವು ತುಳು ಅಕಾಡೆಮಿಯನ್ನು ಸ್ಥಾಪಿ­ಸಿದ್ದು 1994ರಲ್ಲಿ. ಕೊಂಕಣಿಯು 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. 2011ರ ಜನಗಣತಿಯಲ್ಲಿ ಹದಿನೆಂಟು ಲಕ್ಷಕ್ಕೂ ಮಿಕ್ಕಿದ ಜನರು ತಮ್ಮ ಮಾತೆಂದು ಬರೆಸಿದ ತುಳುವು ಇನ್ನೂ ಹೊರಗಿದೆ. ಕನ್ನಡಿಗರು ಮದರಾಸಿನಲ್ಲಿ ಕುಳಿತು ಏನನ್ನು ಬೇಡಿದ್ದರೋ ಅದನ್ನೇ ತುಳುವರು ಬೆಂಗಳೂರಿನಲ್ಲಿ ನಿಂತು ಬೇಡುತ್ತಿದ್ದಾರೆ.

ಷರತ್ತುಗಳನ್ನು ಆಮೇಲೆ ಬರೆಯುವುದೆಂದರೆ ಎಷ್ಟು ಆಮೇಲೆ? ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಿತು. ಹೈದರಾಬಾದು ಕರ್ನಾಟಕಕ್ಕೆ ಸಂವಿಧಾನದಲ್ಲಿ 371 ಜೆ ಎಂಬ ವಿಶೇಷ ಅನುಚ್ಛೇದವು ದೊರೆತದ್ದು 2012ರ ತಿದ್ದುಪಡಿಯಿಂದ, ಕೂಡಿದ ಐವತ್ತಾರು ವರ್ಷಕ್ಕೆ. ಒಂದು ತಲೆಮಾರು ಕಾದು ಸತ್ತು, ಎರಡನೆಯದು ಮುದಿಯಾಗಿತ್ತು. ಯೂರೋಪಿನವರ ವಿಳಂಬದ ಪದ್ಧತಿಯನ್ನು ನಾವು ಹೊಗಳುವವರಲ್ಲ. ಆದರೆ ಬಡ ಸೀಮೆಗೆ ಎಷ್ಟು ಹಣ, ಯಾವ ಕಾಲದೊಳಗೆ, ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ಬರೆದಿಡುವ ಅವರ ರೂಢಿಯನ್ನು ನಾವು ಅನುಸರಿಸಿದ್ದರೆ ಕಲಬುರಗಿಯವನೂ ಉಡುಪಿಯವನೂ ಬೆಂಗಳೂರಿನ ಮೆಟ್ಟಲುಗಳನ್ನು ಇಷ್ಟು ಸಲ ಹತ್ತಬೇಕಾಗುತ್ತಿರಲಿಲ್ಲ.

ಕಡೆಯದಾಗಿ ಬಾಗಿಲ ಹೊರಗೆ ಉಳಿದವರು. 1956ರಲ್ಲಿ ದಕ್ಷಿಣ ಕನ್ನಡವು ಇಡಿಯಾಗಿ ಬರಲಿಲ್ಲ. ಕಾಸರಗೋಡು ತಾಲೂಕನ್ನು ಕತ್ತರಿಸಿ ಕೇರಳಕ್ಕೆ ಕೊಟ್ಟರು. ಇಡಿಯ ತಾಲೂಕನ್ನು ಒಂದು ಮಾನವಾಗಿ ಹಿಡಿದು ಎಣಿಸಿದರೆ ಅಲ್ಲಿ ಮಲೆಯಾಳದವರೇ ಹೆಚ್ಚು. ಚಂದ್ರಗಿರಿ ಹೊಳೆಯನ್ನು ಗಡಿಯಾಗಿ ಹಿಡಿದು ಅದರ ಬಡಗಣ ಭಾಗವನ್ನು ಬೇರೆಯಾಗಿ ನೋಡಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರ್‌ಚಂದ್ ಮಹಾಜನರು 1967ರ ತಮ್ಮ ವರದಿಯಲ್ಲಿ ಆ ಬಡಗಣ ಭಾಗವು ಮೈಸೂರಿಗೆ ಸೇರತಕ್ಕುದೆಂದು ಹೇಳಿದರು. ಕೇರಳವು ಒಪ್ಪಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ದುಡಿದು, ನೂರು ವರ್ಷ ತುಂಬಿದ ಮೇಲೆ 2015ರಲ್ಲಿ, ಆ ದಿನವನ್ನು ಕಾಣದೆಯೇ ಕಣ್ಮುಚ್ಚಿದರು. ಮದರಾಸಿನಿಂದ ಬಿರುದು ಪಡೆದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡಾಗ ಅವರ ಮಂಜೇಶ್ವರವು ಕೇರಳದಲ್ಲಿತ್ತು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲೆಯಾಳದ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಬೀದಿಗಿಳಿಯಬೇಕಾಯಿತು. ಗಡಿಯ ಜಗಳವನ್ನು ತೀರಿಸದೆ ಸೇರ್ಪಡೆಯನ್ನು ಮುಗಿಸಿದರೆ ಆ ಗಡಿಯು ದಿನೇ ದಿನೇ ಗಟ್ಟಿಯಾಗುತ್ತದೆ. ಸೈಪ್ರಸ್ ದ್ವೀಪವನ್ನು 2004ರಲ್ಲಿ ಹಾಗೆಯೇ ಇಬ್ಭಾಗವಾಗಿದ್ದಂತೆ ಸೇರಿಸಿಕೊಂಡರು. ಅದು ಇಂದೂ ಇಬ್ಭಾಗವಾಗಿಯೇ ಇದೆ.

ಇದರಲ್ಲಿ ತಪ್ಪೆಲ್ಲ ಅತ್ತ ಕಡೆಯದೇ ಎಂದು ಹೇಳಿ ಕೈತೊಳೆಯಲು ನಮಗೆ ಬಾಯಿಲ್ಲ. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕವು ಹಬ್ಬಿದಾಗ ಕಾಸರಗೋಡಿನ ಕಡೆಯ ದಾರಿಗಳನ್ನು ಮುಚ್ಚಿದವರು ಕೇರಳದವರಲ್ಲ, ನಾವು. ಕಾಸರಗೋಡು ಕನ್ನಡದ ನೆಲವೆಂದು ಅರುವತ್ತು ವರ್ಷ ಸಾರಿದ ರಾಜ್ಯವೇ ತಲಪಾಡಿಯಲ್ಲಿ ವಾಹನಗಳನ್ನು ತಡೆಯಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಹಿಂದಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಿಂದ ಹಿಂದಿರುಗಬೇಕಾಯಿತು. ಚಿಕಿತ್ಸೆ ದೊರೆಯದೆ ಕೆಲವರು ಪ್ರಾಣಬಿಟ್ಟರೆಂದು ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಸಬೇಕೆಂದಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅನಂತರ ರೋಗಿಗಳನ್ನು ಬಿಡುವುದಕ್ಕೆ ಎರಡು ರಾಜ್ಯಗಳೂ ಒಂದು ಕ್ರಮವನ್ನು ಒಪ್ಪಿಕೊಂಡವು. ಮಣ್ಣು ಸುರಿದಿದ್ದ ಆ ದಾರಿಗಳೆಲ್ಲ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಒಂದೇ ಜಿಲ್ಲೆಯ ದಾರಿಗಳಾಗಿದ್ದವು.